ಮತ್ತೆ ಕಟ್ಟುವ ಕಿವಿ

ಗ್ರಹಣದ ಹೊತ್ತಲ್ಲಿ ಬಸುರಿ ಏನೋ ಕತ್ತರಿಸಿದಳಂತೆ, ಅದಕ್ಕೇ ಮಗುವಿನ ಕಿವಿ ಮುರುಟಿತಂತೆ! ಈ ಮಾತು ನಮ್ಮಲ್ಲಿನ್ನೂ ಸತ್ತಿಲ್ಲ. ಭ್ರೂಣದಲ್ಲಿ ಆರು ಪುಟ್ಟ ಉಬ್ಬುಗಳು ಬೆಸೆದುಕೊಂಡು ಹೊರಕಿವಿಯಾಗುತ್ತದೆ. ಆ ಕೆಲಸ ಆರನೇ ವಾರದ ಆಸುಪಾಸಿನಲ್ಲೇ ಶುರು. ಆಕಾಶದ ನೆರಳಿಗೂ ಅದಕ್ಕೂ ಯಾವ ನಂಟೂ ಇಲ್ಲ. ತಾಯಿಯನ್ನು ದೂರಿದ ಅದೇ ಬಾಯಿ, ಮುಂದೆ ಶಸ್ತ್ರಚಿಕಿತ್ಸೆಯಿಂದ ಕಟ್ಟಿಸಿದ ಹೊರಕಿವಿ ಕೆಟ್ಟರೆ ಹಣೆಬರಹ ಎನ್ನುತ್ತದೆ. ಹಣೆಯಿಂದ ತುಸು ಪಕ್ಕಕ್ಕೆ, ಕಣತಲೆಯ ಕಡೆ ನೋಡಿದ್ದರೆ ಉತ್ತರ ಸಿಗುತ್ತಿತ್ತು.

ಮೊದಲು ಸ್ವಲ್ಪ ಇತಿಹಾಸ. ತಾಯಿಯ ಕಿವಿಯ ಮೃದ್ವಸ್ಥಿಯನ್ನೇ (ಕಿವಿಗೆ ಆಕಾರ ಕೊಡುವ ಮೆತ್ತನೆಯ ಎಲುಬು) ಮಗುವಿಗೆ ಕೂಡಿಸಿ ನೋಡಿದವರಿದ್ದಾರೆ. ಕಾಲಕ್ರಮದಲ್ಲಿ ಅದು ಕರಗಿಹೋಯಿತು. 1960ರ ದಶಕದಲ್ಲಿ ಚರ್ಮದಡಿ ಕೂರಿಸಿದ ಕಿವಿಯಾಕಾರದ ಸಿಲಿಕೋನ್ ಚೌಕಟ್ಟುಗಳು ಎಷ್ಟೋ ಮಂದಿಯಲ್ಲಿ ಚರ್ಮ ಸೀಳಿ ಹೊರಬಂದವು. ನಿಂತದ್ದು ರೋಗಿಯದೇ ಪಕ್ಕೆಲುಬಿನ ಮೃದ್ವಸ್ಥಿ. ಅಮೆರಿಕದ ಸರ್ಜನ್ ಟ್ಯಾನ್ಜರ್ 1959ರಲ್ಲಿ ಆ ದಾರಿ ತೋರಿದರು. ಬ್ರೆಂಟ್, ಜಪಾನಿನ ನಗಾಟಾ ಅದನ್ನು ಪಳಗಿಸಿದರು.

ಆದರೂ ಕೆಲವು ಕಿವಿಗಳು ಕೆಡುತ್ತವೆ. ಸೋಂಕು ತಗಲುತ್ತದೆ, ಮೇಲಿನ ಚರ್ಮ ಕಪ್ಪಾಗಿ ಸಾಯುತ್ತದೆ, ಚೌಕಟ್ಟಿನ ತುಂಡುಗಳನ್ನು ಬಿಗಿದ ತಂತಿ ಇಣುಕುತ್ತದೆ, ಮಡಿಕೆಗಳು ಮಾಯವಾಗಿ ಬರೀ ಮುದ್ದೆ ಉಳಿಯುತ್ತದೆ. ಹೊಸ ಚೌಕಟ್ಟು ಕೆತ್ತಿ ಕೂರಿಸಿದರಾಯಿತಲ್ಲ? ಇಲ್ಲೇ ಎಲ್ಲರೂ ಎಡವುವುದು. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಸುತ್ತಲಿನ ಊತಕದಿಂದ ಜಿನುಗಿ ಬಂದದ್ದರಲ್ಲೇ ಅದರ ಬದುಕು. ಗಾಯದ ಕಲೆಗಟ್ಟಿದ ಚರ್ಮಕ್ಕೆ ರಕ್ತವೂ ಕಡಿಮೆ, ಹಿಗ್ಗುವ ಗುಣವೂ ಇಲ್ಲ. ಅಂದವೂ ಕೆಡುತ್ತದೆ: ಕೆತ್ತನೆಯ ಬಾಗಿಲಿಗೆ ಕಂಬಳಿ ಹೊದಿಸಿದರೆ ಕೆತ್ತನೆ ಕಂಡೀತೇ?

ಆದ್ದರಿಂದ ದುರಸ್ತಿಯಲ್ಲಿ ಸರ್ಜನ್ ಮೊದಲು ಹುಡುಕುವುದು ಹೊದಿಕೆಯನ್ನು. ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುತ್ತದಲ್ಲ, ಆ ಅಪಧಮನಿ ಕಣತಲೆಯ ಚರ್ಮದಡಿಯ ತೆಳುಪದರವೊಂದಕ್ಕೆ ರಕ್ತ ಉಣಿಸುತ್ತದೆ. ರಕ್ತದ ಹರಿವನ್ನು ಶಬ್ದದಲೆಯಿಂದ ಪತ್ತೆಹಚ್ಚುವ ಡಾಪ್ಲರ್‌ನಿಂದ ನಾಳದ ಜಾಡು ಹಿಡಿದು, ಪದರವನ್ನು ಬಿಡಿಸಿ, ಬುಡದ ನಾಳ ಕತ್ತರಿಸದೆ ಕೆಳಕ್ಕೆ ಮಗುಚುತ್ತಾರೆ. ಹಳೆಯ ಕಲೆಚರ್ಮವನ್ನೂ ಕೆಟ್ಟ ಚೌಕಟ್ಟನ್ನೂ ತೆಗೆದು, ಸಾಮಾನ್ಯವಾಗಿ ಎದೆಯ ಇನ್ನೊಂದು ಬದಿಯ ಪಕ್ಕೆಲುಬಿನಿಂದ ಕೆತ್ತಿದ ಹೊಸ ಚೌಕಟ್ಟಿಗೆ ಆ ಪದರ ಸುತ್ತಿ, ಮೇಲೆ ತೆಳು ಚರ್ಮದ ಕಸಿ ಹಾಕುತ್ತಾರೆ. ಸಣ್ಣ ಕೊಳವೆಯಿಂದ ಒಳಗಿನ ಗಾಳಿ, ದ್ರವ ಹೀರಿದಾಗ ಹೊದಿಕೆ ಪ್ರತಿ ತಗ್ಗಿಗೂ ಅಂಟಿಕೊಳ್ಳುತ್ತದೆ. ಪದರ ಬಿಡಿಸಿದ ಜಾಗದಲ್ಲಿ ಕೂದಲು ತೆಳ್ಳಗಾಗಬಹುದು ಅನ್ನುವುದೊಂದು ಕಿರಿಕಿರಿ.

ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಆ ಪದರ ಖರ್ಚಾಗಿದ್ದರೆ? ಅಥವಾ ನಾಳ ತುಂಡಾಗಿದ್ದರೆ? ತಲೆಯ ಹಿಂಬದಿಯ ಪದರವನ್ನೋ, ಕಣತಲೆಯ ಇನ್ನೂ ಆಳದ ಪದರವನ್ನೋ ಹುಡುಕಬೇಕು. ಅದೂ ಆಗದಿದ್ದರೆ ಇನ್ನೊಂದು ಕಣತಲೆಯ ಪದರವನ್ನೇ ನಾಳಸಮೇತ ಬಿಡಿಸಿ ತಂದು, ಸೂಕ್ಷ್ಮದರ್ಶಕದಡಿ ಕೂದಲಿಗಿಂತ ಸಣ್ಣ ದಾರದಿಂದ ನಾಳಕ್ಕೆ ನಾಳ ಹೊಲಿಯಬೇಕು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಬೆರಗಿನ ಭಾಗ ಇದೇ.

ವಯಸ್ಕರ ಪಕ್ಕೆಲುಬಿನ ಮೃದ್ವಸ್ಥಿ ಸುಣ್ಣಗಟ್ಟಿ ಕೆತ್ತಲು ಒಲ್ಲೆ ಎನ್ನುವುದುಂಟು. ಆಗ ರಂಧ್ರಯುಕ್ತ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಚೌಕಟ್ಟು ಒಂದು ದಾರಿ. ಅದಕ್ಕೂ ರಕ್ತವುಳ್ಳ ಹೊದಿಕೆ ಬೇಕೇ ಬೇಕು. ಮತ್ತೆ ಮತ್ತೆ ಕೊಯ್ಸಿಕೊಂಡು ಬೇಸತ್ತವರಿಗೆ, ತಲೆಬುರುಡೆಗೆ ಕೂರಿಸಿದ ಟೈಟಾನಿಯಂ ಮೊಳೆಗೆ ಸಿಕ್ಕಿಸುವ ಸಿಲಿಕೋನ್ ಕಿವಿ ಇದೆ. ನೋಡಲು ಅಸಲಿಯಂತೆಯೇ ಇರುತ್ತದೆ, ಆದರೆ ಕೆಲವು ವರ್ಷಗಳಿಗೊಮ್ಮೆ ಬಣ್ಣ ಮಾಸಿ ಬದಲಿಸಬೇಕು.

ಇವು ಯಾವುವೂ ಕೇಳಿಸುವಂತೆ ಮಾಡುವುದಿಲ್ಲ. ಕಿವಿಯ ಕಾಲುವೆಯೂ ಮುಚ್ಚಿದ್ದರೆ ಅದರ ಚಿಕಿತ್ಸೆಯೇ ಬೇರೆ. ಅದನ್ನು ಮೊದಲೇ ಅವಸರದಲ್ಲಿ ಮಾಡಿಸಿಬಿಟ್ಟರೆ, ಹೊರಕಿವಿಗೆ ಬೇಕಾದ ಚರ್ಮದ ಮೇಲೆಯೇ ಕಲೆ ಬೀಳುತ್ತದೆ. ಹಾಗಾಗಿ ಕಿವಿ ವೈದ್ಯರೂ ಪ್ಲಾಸ್ಟಿಕ್ ಸರ್ಜನ್ನರೂ ಕತ್ತರಿ ಹಿಡಿಯುವ ಮುನ್ನವೇ ಒಟ್ಟಿಗೆ ಕೂತು ಮಾತಾಡಬೇಕಾಗುತ್ತದೆ.