ಮೀನಿನ ತೊಟ್ಟಿಗೆ ಔಷಧ ಪೆಟ್ಟಿಗೆ: ಏನಿರಬೇಕು, ಏನು ಬೇಡ?

ಪ್ರಶ್ನೆ: ಮೀನಿಗೆ ಕಾಯಿಲೆ ಬಂದ ಮೇಲೆ ಔಷಧ ಹುಡುಕುವಷ್ಟರಲ್ಲಿ ತಡವಾಗಿರುತ್ತದೆ. ಮನೆಯಲ್ಲಿ ಮೊದಲೇ ಯಾವ ಯಾವ ಔಷಧ ತಂದಿಟ್ಟುಕೊಂಡಿರಬೇಕು?

ಉತ್ತರ: ಪೆಟ್ಟಿಗೆಗೆ ಮೊದಲು ಸೇರಬೇಕಾದ್ದು ಔಷಧವಲ್ಲ, ನೀರು ಪರೀಕ್ಷಿಸುವ ಕಿಟ್. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ರೆಕ್ಕೆ ಮುದುರಿಕೊಂಡು ಮೂಲೆ ಹಿಡಿದಿದ್ದರೆ, ಅನೇಕ ಸಲ ಅದಕ್ಕೆ ಕಾರಣ ರೋಗಾಣುವಲ್ಲ, ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರುವ ವಿಷಗಳಾದ ಅಮೋನಿಯಾ ಅಥವಾ ನೈಟ್ರೈಟ್. ಎರಡೂ ಸೊನ್ನೆ ಇರಬೇಕು. ಇಲ್ಲವೆಂದರೆ ಅರ್ಧದಷ್ಟು ನೀರು ಬದಲಿಸಿ, ಹೊಸ ನೀರಿನ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಅದೇ ಆ ಹೊತ್ತಿನ ಚಿಕಿತ್ಸೆ. ಇದನ್ನು ಬಿಟ್ಟು ಕೈಗೆ ಸಿಕ್ಕ ಸೀಸೆ ಸುರಿದರೆ ಫಿಲ್ಟರಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬಿದ್ದು ಅಮೋನಿಯಾ ಇನ್ನಷ್ಟು ಏರಬಹುದು. ಆಗ ಮೀನು ಸತ್ತದ್ದು ರೋಗದಿಂದಲೋ ಔಷಧದಿಂದಲೋ ಗೊತ್ತಾಗುವುದೇ ಇಲ್ಲ.

ಎರಡನೆಯದು ಅಳತೆಯ ಸಾಮಾನು: 1 ಮತ್ತು 5 ಮಿ.ಲೀ. ಸಿರಿಂಜ್, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಥರ್ಮಾಮೀಟರ್, ಒಂದು ಅಳತೆಪಟ್ಟಿ. ಅಳತೆಪಟ್ಟಿ ಯಾಕೆಂದರೆ, ತೊಟ್ಟಿಯಲ್ಲಿ ನಿಜಕ್ಕೂ ಎಷ್ಟು ನೀರಿದೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. 60×30×36 ಸೆಂ.ಮೀ. ತೊಟ್ಟಿಯನ್ನು 65 ಲೀಟರಿನದು ಎನ್ನುತ್ತಾರೆ. ಆದರೆ ಒಳಗಿನ ಮರಳಿನ ಮೇಲ್ಮೈಯಿಂದ ನೀರಿನ ಮಟ್ಟದವರೆಗೆ ಅಳೆದರೆ ಎತ್ತರ 28 ಸೆಂ.ಮೀ. ಬಂತು ಎನ್ನಿ. 60×30×28 ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 50 ಲೀಟರ್. 65ರ ಲೆಕ್ಕದಲ್ಲಿ ಔಷಧ ಹಾಕಿದವರು 30 ಶೇಕಡಾ ಹೆಚ್ಚು ಹಾಕಿದಂತಾಯಿತು. ಈ ಅಂಕಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೇ ಬರೆದು ಅಂಟಿಸಿ.

ಇನ್ನು ಉಪ್ಪು. ಬೇರೇನೂ ಬೆರೆಸದ ಸಾದಾ ಕಲ್ಲುಪ್ಪು ಸಾಕು, ಅರ್ಧ ಕಿಲೋ ಇರಲಿ. ನೈಟ್ರೈಟ್ ಏರಿದಾಗ ಉಪ್ಪಿನ ಕ್ಲೋರೈಡ್ ಅದು ಕಿವಿರಿನ ಮೂಲಕ ರಕ್ತಕ್ಕಿಳಿಯದಂತೆ ತಡೆಯುತ್ತದೆ. ಇದಕ್ಕೆ 50 ಲೀಟರಿಗೆ 5 ಗ್ರಾಂ ಸಾಮಾನ್ಯವಾಗಿ ಸಾಕಾಗುತ್ತದೆ. ಬಿಳಿ ಚುಕ್ಕೆ ರೋಗದ ಆರಂಭದಲ್ಲಿ ಲೀಟರಿಗೆ 2 ಗ್ರಾಂ, ಅಂದರೆ 100 ಗ್ರಾಂ. ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದುದ್ದಕ್ಕೂ ಮೂರು ನಾಲ್ಕು ಕಂತಿನಲ್ಲಿ ಹಾಕಬೇಕು. ಎಲ್ಲರೂ ಎಡವುವುದು ಇದಾದ ಮೇಲೆ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ಆವಿಯಾದಷ್ಟು ನೀರನ್ನು ಸಪ್ಪೆಯಾಗಿಯೇ ತುಂಬಿಸಿ. 15 ಲೀಟರ್ ಹೊರತೆಗೆದು ಬದಲಿಸಿದಾಗ ಮಾತ್ರ 30 ಗ್ರಾಂ ಸೇರಿಸಿ. ಕೋರಿಡೋರಸ್‌ನಂಥ ಮೀನುಗಳಿಗೂ ಅನೇಕ ಜಲಸಸ್ಯಗಳಿಗೂ ಉಪ್ಪು ಒಗ್ಗುವುದಿಲ್ಲ.

ಔಷಧ ಅಂತ ಒಂದೇ ಒಂದನ್ನು ಇಡುವುದಾದರೆ ಅದು ಬಿಳಿ ಚುಕ್ಕೆಯದಾಗಿರಲಿ. ಸಾಮಾನ್ಯವಾಗಿ ಮ್ಯಾಲಕೈಟ್ ಗ್ರೀನ್, ಅಥವಾ ಅದರ ಜೊತೆ ಫಾರ್ಮಲಿನ್ ಬೆರೆಸಿದ ದ್ರಾವಣ. ಸಕ್ಕರೆ ಹರಳು ಚೆಲ್ಲಿದಂತೆ ಮೈಮೇಲೆ ಕಾಣುವ ಚುಕ್ಕೆಯೊಳಗಿನ ಪರಾವಲಂಬಿಗೆ ಔಷಧ ತಾಗುವುದಿಲ್ಲ. ಅದು ಕಳಚಿ ತಳಕ್ಕೆ ಬಿದ್ದು, ಒಡೆದು ನೂರಾರು ಮರಿಗಳಾಗಿ ಈಜುವ ಹೊತ್ತಿನಲ್ಲಷ್ಟೇ ಸಾಯುತ್ತದೆ. 25 ಡಿಗ್ರಿ ನೀರಿನಲ್ಲಿ ಈ ಸುತ್ತಿಗೆ ವಾರದೊಳಗಿನ ಸಮಯ ಸಾಕು, ತಣ್ಣಗಿದ್ದರೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಎರಡನೇ ದಿನಕ್ಕೆ ಚುಕ್ಕೆ ಮಾಯವಾಯಿತೆಂದು ಔಷಧ ನಿಲ್ಲಿಸಿದವರ ತೊಟ್ಟಿಯಲ್ಲಿ ಅದು ಇಮ್ಮಡಿಯಾಗಿ ಮರಳುವುದು ಇದೇ ಕಾರಣಕ್ಕೆ. ಲೇಬಲ್ ಹೇಳಿದಷ್ಟು ದಿನ ಪೂರ್ತಿ ಹಾಕಿ, ಕೊನೆಯ ಚುಕ್ಕೆ ಹೋದ ಮೇಲೂ ಕನಿಷ್ಠ ಮೂರು ದಿನ ಮುಂದುವರಿಸಿ. ಲೋಚ್, ಟೆಟ್ರಾ ಮೀನುಗಳು ಮ್ಯಾಲಕೈಟ್ ಗ್ರೀನ್ ತಡೆಯಲಾರವು. ಅವಕ್ಕೆ ಲೇಬಲ್ಲಿನಲ್ಲಿ ಬೇರೆ ಪ್ರಮಾಣ ಇದೆಯೇ ನೋಡಿ, ಸಾಮಾನ್ಯವಾಗಿ ಅರ್ಧ ಇರುತ್ತದೆ. ಮುಟ್ಟುವಾಗ ಕೈಗವಸು ಕಡ್ಡಾಯ.

ಮಿಥಿಲೀನ್ ಬ್ಲೂ ಎಲ್ಲ ಕಾಯಿಲೆಗೂ ಮದ್ದು ಎಂಬ ನಂಬಿಕೆಯಿದೆ, ಹಾಗೇನಿಲ್ಲ. ಮೊಟ್ಟೆಗೆ, ಗಾಯಕ್ಕೆ ಹತ್ತಿಯಂಥ ಬೂಷ್ಟು ಹಿಡಿದಾಗ ಅದು ಒಳ್ಳೆಯದು. ಆದರೆ ಮುಖ್ಯ ತೊಟ್ಟಿಗೆ ಹಾಕಲೇಬೇಡಿ: ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತವೆ, ಸಿಲಿಕೋನ್ ಅಂಟಿಗೆ ಹತ್ತಿದ ನೀಲಿ ಬಣ್ಣವಂತೂ ಹೋಗುವುದಿಲ್ಲ. ಅದಕ್ಕೇ 20 ಲೀಟರಿನ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬ, ಹೀಟರ್, ಏರ್ ಪಂಪ್ ಕೂಡ ಈ ಪೆಟ್ಟಿಗೆಯ ಭಾಗವೇ. ಮಿಥಿಲೀನ್ ಬ್ಲೂವಿನ 1 ಶೇಕಡಾ ದ್ರಾವಣದ ಪ್ರತಿ ಮಿ.ಲೀ.ನಲ್ಲಿ 10 ಮಿ.ಗ್ರಾಂ ಇರುತ್ತದೆ, ಲೀಟರಿಗೆ 2 ಮಿ.ಗ್ರಾಂ ಲೆಕ್ಕದಲ್ಲಿ ಆ ಡಬ್ಬಕ್ಕೆ 4 ಮಿ.ಲೀ. ಈ ನೀರಿನಲ್ಲಿ ಫಿಲ್ಟರ್ ಕೆಲಸ ಮಾಡುವುದಿಲ್ಲವಾದ್ದರಿಂದ ದಿನವೂ ಸ್ವಲ್ಪ ನೀರು ಬದಲಿಸಿ, ಬದಲಿಸಿದಷ್ಟಕ್ಕೆ ಮಾತ್ರ ಔಷಧ ಸೇರಿಸಿ.

ಹುಳುಗಳಿಗೆ ಎರಡು ಬೇರೆ ಮದ್ದು. ಮೈ, ಕಿವಿರಿನ ಚಪ್ಪಟೆ ಹುಳು ಮತ್ತು ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್. ಗುದದಿಂದ ಕೆಂಪು ದಾರದೆಳೆ ಇಣುಕುತ್ತಿದ್ದರೆ ಅದು ದುಂಡುಹುಳು, ಅಲ್ಲಿ ಪ್ರಾಜಿಕ್ವಾಂಟೆಲ್ ನಿಷ್ಪ್ರಯೋಜಕ, ಲೆವಾಮಿಸೋಲ್ ಬೇಕು: ಲೀಟರಿಗೆ 2 ಮಿ.ಗ್ರಾಂ, ನಮ್ಮ 50 ಲೀಟರಿಗೆ 100 ಮಿ.ಗ್ರಾಂ. ಬೆಳಕಿಗೆ ಅದು ಕೆಡುವುದರಿಂದ ದೀಪ ಆರಿಸಿಡಿ. ಹುಳು ಸಾಯುವುದಕ್ಕಿಂತ ಮರಗಟ್ಟಿ ಹೊರಬೀಳುತ್ತದೆ, ಹಾಗಾಗಿ 24 ಗಂಟೆಯ ನಂತರ ತಳವನ್ನು ಸೈಫನ್ ಮಾಡಿ (ಕೊಳವೆಯಿಂದ ಕಸ ಹೀರಿ ತೆಗೆದು) ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಲೇಬೇಕು. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ.

ಆಂಟಿಬಯಾಟಿಕ್ ಮಾತ್ರ ಮುಂಚಿತವಾಗಿ ತಂದಿಡುವ ವಸ್ತುವಲ್ಲ. ಯಾವ ಬ್ಯಾಕ್ಟೀರಿಯಾ ಎಂದು ತಿಳಿಯದೆ ಅರೆಬರೆ ಹಾಕಿದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಅದನ್ನು ಪಶುವೈದ್ಯರು ಹೇಳಲಿ.

ಯಾವ ಔಷಧ ಹಾಕುವ ಮೊದಲೂ ಫಿಲ್ಟರಿನಿಂದ ಆಕ್ಟಿವೇಟೆಡ್ ಕಾರ್ಬನ್ ತೆಗೆಯಿರಿ, ಇಲ್ಲದಿದ್ದರೆ ಅದು ಔಷಧವನ್ನೇ ಹೀರಿಕೊಳ್ಳುತ್ತದೆ. ಚಿಕಿತ್ಸೆ ಮುಗಿದ ಮೇಲೆ ಹೊಸ ಕಾರ್ಬನ್ ಹಾಕಿದರೆ ಉಳಿದದ್ದು ಹೊರಟುಹೋಗುತ್ತದೆ. ಏರ್ ಸ್ಟೋನ್ ಓಡುತ್ತಲೇ ಇರಲಿ, ಫಾರ್ಮಲಿನ್ ನೀರಿನ ಆಮ್ಲಜನಕ ಇಳಿಸುತ್ತದೆ. ಎರಡು ಔಷಧ ಒಟ್ಟಿಗೆ ಬೆರೆಸಬೇಡಿ. ಸೀಗಡಿ, ಬಸವನಹುಳು ಇರುವ ತೊಟ್ಟಿಗೆ ತಾಮ್ರವಿರುವ ಯಾವುದೂ ಬೇಡ.

ಸೀಸೆಗಳನ್ನು ಕತ್ತಲಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ, ತೆರೆದ ದಿನಾಂಕ ಬರೆಯಿರಿ. ಫಾರ್ಮಲಿನ್ ಇರುವ ಸೀಸೆಯನ್ನು ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಾದರೆ ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ. ಅದು ಪ್ಯಾರಾಫಾರ್ಮಾಲ್ಡಿಹೈಡ್, ಮೀನಿಗೆ ಫಾರ್ಮಲಿನ್‌ಗಿಂತ ಬಹಳ ಹೆಚ್ಚು ವಿಷ. ಗಷ್ಟು ಕಂಡ ಸೀಸೆಯನ್ನು ಅಲ್ಲಾಡಿಸಿ ಬಳಸಲು ಹೋಗದೆ ಪೆಟ್ಟಿಗೆಯಿಂದಲೇ ತೆಗೆದುಬಿಡಿ.