ಚೀನಾದ ಔಷಧಿ ಪೊಟ್ಟಣದಲ್ಲಿ ನಮ್ಮ ಅವರೆಕಾಳು

ಡಿಸೆಂಬರ್ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಹೊಟ್ಟೆ ಉಬ್ಬರದವರೇ ಜಾಸ್ತಿ. ಏನು ತಿಂದ್ರಿ ಅಂತ ಕೇಳಬೇಕಾಗಿಯೇ ಇಲ್ಲ, ಅವರೆಕಾಯಿ ಕಾಲ. ಆದರೆ ಹೋದ ವರ್ಷ ಇದೇ ಹೊತ್ತಿಗೆ ಬಂದ ಒಬ್ಬ ಅಮ್ಮನ ತೊಂದರೆ ಬೇರೆ. ಎರಡು ದಿನ ಸರಿ ಇದ್ದರೆ ಮೂರನೇ ದಿನ ಭೇದಿ. ಸಿಂಗಪುರದಲ್ಲಿರುವ ಮಗಳು ಅಲ್ಲಿನ ಚೀನೀ ಔಷಧಿ ಅಂಗಡಿಯಿಂದ ಒಂದು ಪೊಟ್ಟಣ ಕಳಿಸಿದ್ದಳು. "ಇದನ್ನ ಹುರಿದು ಪುಡಿ ಮಾಡಿ ತಗೋಬಹುದಾ ಡಾಕ್ಟ್ರೇ?" ಅಂದರು. ಬಿಚ್ಚಿದೆ. ಬಿಳಿ ಕಾಳು, ಅಂಚಿನಲ್ಲಿ ಉಬ್ಬಿದ ಗೆರೆ. ನಮ್ಮ ಅವರೆಯೇ!

ಚೀನಾದಲ್ಲಿ ಇದು ಬೈ ಬಿಯಾನ್ ದೌ, ಅಂದರೆ ಬಿಳಿ ಚಪ್ಪಟೆ ಕಾಳು. ಆ ಗೆರೆ ನೋಡಿ ಹುಬ್ಬಿನ ಕಾಳು ಅಂತಲೂ ಕರೆದಿದ್ದಾರೆ. ಅಲ್ಲೂ ಅವರೆಯಲ್ಲಿ ಬಣ್ಣ ಹಲವು ಇವೆ, ಆದರೆ ಔಷಧಿಗೆ ಬಿಳಿಯದೇ ಬೇಕು. ಸುಮಾರು 1,500 ವರ್ಷಗಳ ಹಿಂದೆ ತಾವೊ ಹೊಂಗ್‌ಜಿಂಗ್ ಎಂಬ ಚೀನೀ ಪಂಡಿತನ ಕಾಲಕ್ಕೇ ಇದು ಅಲ್ಲಿನ ಔಷಧಿಗಳ ಪಟ್ಟಿ ಸೇರಿತ್ತು. ಗುಲ್ಮಕ್ಕೆ, ಅಂದರೆ ಸ್ಪ್ಲೀನ್‌ಗೆ, ಬಲ ಕೊಡುತ್ತದೆ, ಭೇದಿ ನಿಲ್ಲಿಸುತ್ತದೆ ಅನ್ನುತ್ತಾರೆ. ಅವರ ವೈದ್ಯದಲ್ಲಿ ಗುಲ್ಮ ಎಂದರೆ ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಗ ಮಾತ್ರ ಅಲ್ಲ. ಉಂಡಿದ್ದನ್ನು ಅರಗಿಸುವ ಶಕ್ತಿಯೂ ಅದರಲ್ಲೇ ಬಂತು. ನಮ್ಮ ಜಠರಾಗ್ನಿಗೆ ಹತ್ತಿರದ ಮಾತು.

ನನಗೆ ತಮಾಷೆ ಅನ್ನಿಸಿದ್ದು ಇಲ್ಲೇ. ನಾನು ಓದಿದ ಆಯುರ್ವೇದ ಇದೇ ಕಾಳನ್ನು ನಿಷ್ಪಾವ ಅನ್ನುತ್ತದೆ. ಜೀರ್ಣಕ್ಕೆ ಭಾರ, ವಾಯು ಮಾಡುತ್ತದೆ ಎಂದು ಹೇಳುತ್ತದೆ. ಒಂದೇ ಕಾಳು, ಒಬ್ಬರಿಗೆ ಹೊಟ್ಟೆಯ ಮದ್ದು, ಇನ್ನೊಬ್ಬರಿಗೆ ಹೊಟ್ಟೆಯ ತಂಟೆ. ಯಾರು ಸರಿ?

ಹದ ನೋಡಿದರೆ ಜಗಳ ಅರ್ಧ ಮುಗಿಯುತ್ತದೆ. ಸಾಂಗ್ ರಾಜರ ಕಾಲದ ಸರ್ಕಾರಿ ಔಷಧಾಲಯದ ಸಂಗ್ರಹದಲ್ಲಿ ಶೆನ್ ಲಿಂಗ್ ಬೈ ಝು ಸಾನ್ ಎಂಬ ಪುಡಿ ಇದೆ. ಇವತ್ತಿಗೂ ಚೀನಾದಲ್ಲಿ ದೀರ್ಘಕಾಲದ ಭೇದಿಗೆ ಕೊಡುತ್ತಾರೆ. ಅದರಲ್ಲಿ ಅವರೆಕಾಳನ್ನು ಹೇಗೆ ಹಾಕಬೇಕು ಗೊತ್ತಾ? ಶುಂಠಿ ರಸದಲ್ಲಿ ನೆನೆಸಿ, ಸಿಪ್ಪೆ ತೆಗೆದು, ನಸು ಹುರಿದು. ನೆನೆಸಿ ಸಿಪ್ಪೆ ಹಿದುಕುವುದು ಅಂದರೆ ನಮ್ಮ ಹಿದುಕಿದ ಬೇಳೆಯೇ ಅಲ್ವಾ! ಮಾಗಡಿ, ಕೋಲಾರದ ಕಡೆ ಅಜ್ಜಿಯರು ಕೂತು ಮಾಡುವ ಕೆಲಸವನ್ನು ಅಲ್ಲಿ ಔಷಧಿ ಮಾಡುವವರು ಮಾಡುತ್ತಿದ್ದರು. ಶುಂಠಿ, ಇಂಗು, ಬೆಳ್ಳುಳ್ಳಿ ನಾವು ಒಗ್ಗರಣೆಗೆ ಹಾಕುತ್ತೇವೆ, ಅಷ್ಟೇ ವ್ಯತ್ಯಾಸ.

ಇನ್ನರ್ಧ ಪ್ರಮಾಣ. ಚೀನಾದ ಅಧಿಕೃತ ಔಷಧಕೋಶ ಹೇಳುವುದು ದಿನಕ್ಕೆ 9ರಿಂದ 15 ಗ್ರಾಂ. ಒಂದು ಹಿಡಿಯೂ ಆಗದು. ನಾವು ಬಟ್ಟಲುಗಟ್ಟಲೆ ಸಾರು, ಅದರ ಮೇಲೆ ಅವರೆಕಾಳು ಉಪ್ಪಿಟ್ಟು, ಸಂಜೆಗೆ ಕರಿದ ಅವರೆಬೇಳೆ. ವಾಯು ಆಗದೆ ಇನ್ನೇನಾಗುತ್ತದೆ?

ಹಾಗಂತ ಆ ಪುಡಿಯ ಗುಣವೆಲ್ಲ ಅವರೆಯದ್ದು ಅಂತ ನಾನು ಹೇಳಲಾರೆ. ಅದರಲ್ಲಿ ಇರುವುದು ಹತ್ತು ಸಾಮಗ್ರಿ. ಜಿನ್ಸೆಂಗ್, ತಾವರೆ ಬೀಜ, ಜ್ಯೇಷ್ಠಮಧು ಎಲ್ಲ ಸೇರಿವೆ. ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳುವುದು ಕಷ್ಟ.

ಆ ಅಮ್ಮನ ಪ್ರಶ್ನೆಗೆ ನಾನು ಬೇಡ ಅಂದೆ. ಒಣ ಅವರೆಕಾಳಿನಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಸರಿಯಾಗಿ ಬೇಯದೆ ಹೊಟ್ಟೆಗೆ ಹೋದರೆ ವಾಂತಿ, ಭೇದಿ ತರಿಸುತ್ತದೆ. ಜೊತೆಗೆ ಸಯನೈಡ್ ಬಿಡುವ ಅಂಶವೂ ಸ್ವಲ್ಪ ಇದೆ. ಒಣಗಿಸಿ ಹುರಿಯುವುದಕ್ಕಿಂತ ನೀರಿನಲ್ಲಿ ಕುದಿಸಿದರೆ ಲೆಕ್ಟಿನ್ ಚೆನ್ನಾಗಿ ಸಾಯುತ್ತದೆ. ಬಾಣಲೆಯಲ್ಲಿ ಸುಮ್ನೆ ಬಿಸಿ ಮಾಡಿ ಪುಡಿ ಮಾಡಿದರೆ ಭೇದಿಗೆ ತಗೊಂಡ ಮದ್ದೇ ಭೇದಿ ತಂದೀತು. ಒಣ ಕಾಳನ್ನು ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿಗೆ ಹಿಸುಕಿದರೆ ನುಣ್ಣಗಾಗುವ ತನಕ ಬೇಯಿಸಿ. ವಾಯು ಮಾಡುವ ಸಕ್ಕರೆಗಳೂ ನೆನೆಸಿದ ನೀರಿನಲ್ಲಿ ಒಂದಷ್ಟು ಹೋಗುತ್ತವೆ. ಬಸ್ಸಾರಿಗೆ ಬೇಯಿಸಿದ ಕಟ್ಟು ಬೇಕೇ ಬೇಕು ಅನ್ನುವವರು ನೆನೆಸಿದ ನೀರನ್ನಾದರೂ ಚೆಲ್ಲಿ.

ಅವರಿಗೆ ಮೊದಲು ಮಲ ಪರೀಕ್ಷೆ ಮಾಡಿಸಿದೆ. ಹುಳು ಇತ್ತು, ಮಾತ್ರೆಗೆ ಹೋಯಿತು. ಪೊಟ್ಟಣದ ಕಾಳನ್ನು ಏನು ಮಾಡಲಿ ಅಂದರು. ನೆನೆಸಿ ಸಾರು ಮಾಡಿ ಅಂದೆ. ಮುಂದಿನ ಸಲ ಬಂದಾಗ ಮುಖ ಸಪ್ಪೆ.

"ಕಾಳೇನೋ ಬೆಂತು ಡಾಕ್ಟ್ರೇ. ಆದ್ರೆ ಒಂಚೂರೂ ಸೊಗಡಿಲ್ಲ."