ತೂತು ಒಂದು ಕಡೆ, ತೊಟ್ಟು ಇನ್ನೊಂದು ಕಡೆ

ಮೈಸೂರಿನ ನಮ್ಮ ಮನೆಯಲ್ಲಿ ಮಳೆ ಬಂದರೆ ನಡುಮನೆಯ ಫ್ಯಾನಿನ ಕೊಕ್ಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ತಾರಸಿ ಹತ್ತಿ, ಲೆಕ್ಕ ಹಾಕಿ, ಫ್ಯಾನಿನ ನೇರ ಮೇಲಕ್ಕೆ ಬಿಳಿ ಸಿಮೆಂಟ್ ಮೆತ್ತಿದೆ. ಮುಂದಿನ ಮಳೆಗೆ ಮತ್ತೆ ಅದೇ ಟಪ್ ಟಪ್.

ಕೊನೆಗೆ ಪತ್ತೆ ಹಚ್ಚಿದ್ದು ಗದ್ದೆ ನೋಡಿ ಬೆಳೆದ ಮಂಡ್ಯದ ಮೇಸ್ತ್ರಿ. ತಾರಸಿ ಒಣಗಿದ್ದಾಗ ಜೇಡಿಮಣ್ಣಿನಲ್ಲಿ ಬದು ಕಟ್ಟಿ, ಒಂದೊಂದೇ ಭಾಗಕ್ಕೆ ಎರಡಿಂಚು ನೀರು ನಿಲ್ಲಿಸಿ, ಎರಡೆರಡು ದಿನ ಕಾದರು. ಫ್ಯಾನಿನ ಮೇಲಿನ ಭಾಗ ಸೋರಲೇ ಇಲ್ಲ. ಹತ್ತಡಿ ಆಚೆ, ತಾರಸಿಯ ಅಂಚಿನ ಗಿಡ್ಡ ಗೋಡೆಯ (ಪ್ಯಾರಾಪೆಟ್) ಬುಡಕ್ಕೆ ನೀರು ಬಿಟ್ಟಾಗ ಕೊಕ್ಕೆ ಒದ್ದೆಯಾಯಿತು. ತಾರಸಿಯೂ ಆ ಗೋಡೆಯೂ ಸೇರುವ ಮೂಲೆಯಲ್ಲಿ ಇಳಿದ ನೀರು ಮೇಲಿನ ಗಾರೆಗೂ ಕೆಳಗಿನ, ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟಿಗೂ (ಆರ್‌ಸಿಸಿ) ನಡುವೆ ಹರಿದು, ವೈರಿನ ಪೈಪ್ ಸಿಕ್ಕಲ್ಲಿ ಒಳಗೆ ನುಗ್ಗಿ ಫ್ಯಾನಿನ ಹತ್ತಿರ ಈಚೆ ಬರುತ್ತಿತ್ತು. (ಹೀಗೆ ಸೋರುವಾಗ ಮೊದಲು ಮೇನ್ ಸ್ವಿಚ್ ಆರಿಸಿ. ನಾವು ಕೆಳಗೆ ಬಕೆಟ್ ಇಟ್ಟು ಸುಮ್ನೆ ಕೂತಿದ್ದೆವು, ಅದು ತಪ್ಪು.)

ಮೂಲೆಯೇ ಯಾಕೆ ಬಿಡುತ್ತದೆ? ಬಿಸಿಲಿಗೆ. ಹತ್ತು ಮೀಟರ್ ಉದ್ದದ ಕಾಂಕ್ರೀಟ್ 30 ಡಿಗ್ರಿ ಬಿಸಿಯಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಏಪ್ರಿಲಿನ ಬಿಸಿಲಲ್ಲಿ ತಾರಸಿ ದಿನಾ ಹೀಗೆ ಎಳೆದಾಡುವಾಗ ಪ್ಯಾರಾಪೆಟ್ ಗೋಡೆ ಅದರ ಜೊತೆ ಅಷ್ಟೇ ಕುಣಿಯುವುದಿಲ್ಲ. ಎರಡೂ ಸೇರುವ ಗೆರೆಯಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ. ಅಷ್ಟು ಸಣ್ಣ ಬಿರುಕಿನೊಳಕ್ಕೆ ನೀರು ತಾನಾಗಿ ಹೀರಿಕೊಂಡು ಹೋಗುತ್ತದೆ, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ. ಅದಕ್ಕೇ ಅನುಭವಸ್ಥರು ಆ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಲ್ಲಿ ದುಂಡಗೆ ಮಾಡಿ, ಅದರ ಮೇಲೆ ಹಿಗ್ಗುವ ಲೇಪನವನ್ನು ಗೋಡೆಯ ಮೇಲೂ ಅರ್ಧ ಅಡಿ ಹತ್ತಿಸುತ್ತಾರೆ.

ನೂರು ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು. ಅಷ್ಟೂ ಬೇಗ ಹರಿದು ಹೋಗಬೇಕು. ಮೇಸ್ತ್ರಿಗಳು 'ವಾಟ' ಅನ್ನುವುದು ಇದನ್ನೇ: ಹತ್ತಡಿಗೆ ಒಂದೂಕಾಲು ಇಂಚಾದರೂ ಇಳಿಜಾರು ಬೇಕು. ಮಳೆ ನಿಂತ ಮೇಲೆ ತಾರಸಿಯಲ್ಲಿ ಕೊಚ್ಚೆ ನಿಂತಿದೆಯಾ ಅಂತ ನೋಡಿ. ನಿಂತಿದ್ದರೆ ಎಷ್ಟು ದುಬಾರಿ ಡಬ್ಬ ತಂದು ಬಳಿದರೂ ಜಾಸ್ತಿ ದಿನ ಬಾಳುವುದಿಲ್ಲ ಅಂತಲೇ ನನ್ನ ಅಭಿಪ್ರಾಯ.

ನಮ್ಮ ಊರಿನ ಹಳೇ ಮದರಾಸ್ ತಾರಸಿಗಳು ನೀರನ್ನು ತಡೆದ ಬಗೆ ಬೇರೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಾರೆ ಹರಡಿ, ಸಾಲಾಗಿ ಕೂತು ದಿನಗಟ್ಟಲೆ ಕೊಡತಿಯಿಂದ ಬಡಿಯುತ್ತಿದ್ದರು. ಬಡಿದಷ್ಟೂ ಒಳಗಿನ ಸಂದುಗಳು ಮುಚ್ಚುತ್ತವೆ. ಬಡಿಯುವಾಗ ಚಿಮುಕಿಸುವ ನೀರಿಗೆ ಬೆಲ್ಲ, ಅಳಲೆಕಾಯಿ ನೆನೆಸಿದ ರಸ ಸೇರುತ್ತಿತ್ತು. ಸಣ್ಣ ಬಿರುಕು ಬಿಟ್ಟರೆ, ನೀರಿನಲ್ಲಿ ಕರಗಿದ ಸುಣ್ಣವೇ ಅಲ್ಲಿಗೆ ಹೋಗಿ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಗಟ್ಟಿಯಾಗಿ ಬಿರುಕನ್ನು ಹೊಲಿಯುತ್ತದೆ. ಇಟ್ಟಿಗೆ ಪುಡಿ ಬೆರೆತ ಸುಣ್ಣ, ಅಂದರೆ ಸುರ್ಕಿ ಗಾರೆ, ನೀರಿನಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳ ನಡುವೆ ಇರುವುದೂ ಅದೇ ಸುರ್ಕಿ ಗಾರೆ.

ಈಗಿನ ಅಂಗಡಿಯಲ್ಲಿ ಸಿಗುವುದು ರಬ್ಬರಿನಂತೆ ಹಿಗ್ಗುವ ಅಕ್ರಿಲಿಕ್, ಪಾಲಿಯುರೆಥೇನ್ ಲೇಪನ, ಬೆಂಕಿಯಲ್ಲಿ ಕಾಯಿಸಿ ಅಂಟಿಸುವ ಡಾಂಬರಿನ ಹಾಳೆ. ಬಿಳಿ ಲೇಪನಕ್ಕೆ ಇನ್ನೊಂದು ಲಾಭ, ಬಿಸಿಲನ್ನು ಹಿಂದಕ್ಕೆ ಅಟ್ಟಿ ತಾರಸಿಯ ಎಳೆದಾಟವನ್ನೇ ಕಡಿಮೆ ಮಾಡುತ್ತದೆ. ಆದರೆ ಒಣಗಿದ ಮೇಲೇ ಬಳಿಯಬೇಕು. ಮಂಡ್ಯದ ಮೇಸ್ತ್ರಿ ಬರುವ ಮುಂಚೆ ನಮ್ಮ ಮನೆಗೆ ಬಂದ ಒಬ್ಬರು ಮಳೆ ನಿಂತ ಮಾರನೇ ದಿನವೇ ಬಳಿದು ಹೋಗಿದ್ದರು. ಬಿಸಿಲು ಏರಿದಾಗ ಕಾಂಕ್ರೀಟಿನೊಳಗಿನ ತೇವ ಆವಿಯಾಗಿ ಮೇಲೆದ್ದಿತು. ಎರಡೇ ವಾರದಲ್ಲಿ ತಾರಸಿ ತುಂಬ ಹಪ್ಪಳದಂಥ ಬೊಬ್ಬೆಗಳು.

ಸೋರಿಕೆಯನ್ನು ಸುಮ್ನೆ ಬಿಡಬಾರದು ಅನ್ನುವುದು ಕಾಂಕ್ರೀಟಿನೊಳಗಿನ ಕಬ್ಬಿಣದ ಕಾರಣಕ್ಕೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಉದುರಿಸುತ್ತದೆ.

ಮೂಲೆ ದುಂಡಗೆ ಮಾಡಿಸಿದ್ದಾಯಿತು, ವಾಟ ಸರಿಯಾಯಿತು. ಕೊಕ್ಕೆಯ ಸುತ್ತಲ ಕಂದು ಕಲೆ ಮಾತ್ರ ಇನ್ನೂ ಹಾಗೇ ಇದೆ. ಒಂದು ಮಳೆಗಾಲ ಕಳೆದು, ಅದು ದೊಡ್ಡದಾಗದಿದ್ದರೆ ಬಣ್ಣ ಹೊಡೆಸೋಣ ಅಂತ ಬಿಟ್ಟಿದ್ದೇನೆ.